ಕಲ್ಲಸಾಬ್ರ ದವಾಖಾನಿ

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ರಾಯಚೂರಿನ ತೀನ್ ಕಂದೀಲು ಚೌಕದ ಹತ್ತಿರ, ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬರುವಾಗ. ಗುಲ್ಬರ್ಗಾದಿಂದ ಏನೋ ವ್ಯಾಪಾರಕ್ಕೆಂದು ಬಂದಿದ್ದ ಅವರ ಅಳಿಯ ನನ್ನ ಗುರುತು ಹಿಡಿದು ನಿಲ್ಲಿಸಿದರು. "ನಮ್ಮ ಮಾವ ಹೋದ್ರುರೀ. ನಿಮ್ಮ ಹೆಸರು ತೆಗೀತಿದ್ರು" ಎಂದರು. ಹೆಸರು ತೆಗೆದು ಏನು ಹೇಳುತ್ತಿದ್ದರು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಸೌಜನ್ಯಕ್ಕಾದರೂ ಏನಾದರೊಂದು ಹೇಳುತ್ತಿದ್ದರು, ನಾನು ಅದನ್ನೇ ನಿಜವೆಂದು ಇಟ್ಟುಕೊಂಡುಬಿಡುತ್ತಿದ್ದೆ.

ಆ ಸಂಜೆ ಅವರ ಮುಖವನ್ನು ನೆನಪು ಮಾಡಿಕೊಳ್ಳಲು ಕುಳಿತೆ. ಮುಖ ಬರಲಿಲ್ಲ. ಕಪ್ಪು ಶೇರ್ವಾನಿ, ಕೆಂಪು ರೂಮಿ ಟೋಪಿ ಬಂದವು. ಆದರೆ ಆಗಿನ ಸರ್ಕಾರಿ ನೌಕರರೆಲ್ಲ ಹಾಗೆಯೇ ತೊಡುತ್ತಿದ್ದರು, ಆದ್ದರಿಂದ ಆ ಬಟ್ಟೆ ಅವರದೋ ಆ ಕಾಲದ್ದೋ ಹೇಳಲಾರೆ. ಎತ್ತರದ ಆಳು ಎಂದು ನನ್ನ ನೆನಪು. ನಾನು ಯಾವಾಗಲೂ ಕುಳಿತು ಬರೆಯುತ್ತಿದ್ದೆ, ಅವರು ಎದುರಿಗೆ ನಿಂತಿರುತ್ತಿದ್ದರು. ಎತ್ತರ ಅಲ್ಲಿಂದ ಬಂದಿರಬಹುದು. ಅನುಮಾನವಿಲ್ಲದೆ ಉಳಿದಿರುವುದು ಅವರ ಕೆಮ್ಮು. ಕಲ್ಲುಗಳಿದ್ದ ಕೋಣೆಗೆ ಕಾಲಿಡುವ ಮುಂಚೆ ಅವರು ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಕೆಮ್ಮುತ್ತಿದ್ದರು, ಹೆಂಗಸರಿರುವ ಮನೆಗೆ ಬಂದ ಗಂಡಸು ಹೊರಗಿನಿಂದಲೇ ಕೆಮ್ಮಿ ತಿಳಿಸುವಂತೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ನಗು ತಡೆಯದೆ ಕೇಳಿದ್ದೆ. "ಒಳಗ ಯಾರದಾರ್ರೀ ಸಾಹೇಬ್ರ?"

"ಯಾರಿಲ್ಲಂತ ನಿನಗ ಹ್ಯಾಂಗ ಗೊತ್ತು ತಮ್ಮಾ?" ಎಂದು ಅವರು ಒಳಗೆ ಹೋದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಳ್ಳಿಗಳಲ್ಲಿ ಆ ಹೆಸರು ಯಾರಿಗೂ ಗೊತ್ತಿರಲೂ ಇಲ್ಲ. ಎಲ್ಲರಿಗೂ ಅವರು ಕಲ್ಲಸಾಬ್ರು.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ರಾಯಚೂರು ಕೋಟೆಯೊಳಗಿನ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ. ಎರಡನೇ ಮಹಾಯುದ್ಧದ ವರ್ಷಗಳು, ರಾಯಚೂರು ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮೋಟಾರುಗಳು ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನ ಮೇಲೆ ಕೆಮ್ಮುತ್ತ ಓಡುತ್ತಿದ್ದ ಕಾಲ. ಸುತ್ತಲಿನ ಊರುಗಳಲ್ಲಿ ಬಿದ್ದಿದ್ದ ಹಳೆಯ ವಿಗ್ರಹ, ವೀರಗಲ್ಲುಗಳನ್ನು ತಂದು ನಿಲ್ಲಿಸಿದ್ದ ಕೆಲವು ಕೋಣೆಗಳು, ಮುಂದೊಂದು ಅಂಗಳ, ಅಂಗಳದಲ್ಲೊಂದು ಬೇವಿನ ಮರ. ಅವರು ಅದರ ಮೇಲ್ವಿಚಾರಕರು. ನಾನು ಹೈದರಾಬಾದಿನಲ್ಲಿ ಇತಿಹಾಸ ಓದಿಕೊಂಡು ಬಂದ ಮಾನ್ವಿಯವನು, ಅವರ ಸಹಾಯಕ. ಪ್ರತಿ ಕಲ್ಲಿನ ಮುಂದೆ ಇಡುವ ಚೀಟಿ ಬರೆಯುವುದು ನನ್ನ ಕೆಲಸ. ಯಾವ ಅರಸರ ಕಾಲ, ಯಾವ ಶೈಲಿ, ಯಾವ ಬಗೆಯ ಕಲ್ಲು ಎಂದು ಉರ್ದುವಿನಲ್ಲೂ ಇಂಗ್ಲಿಷಿನಲ್ಲೂ ಅಂದವಾಗಿ ಬರೆದಿಡುತ್ತಿದ್ದೆ. ಓದುವವರು ಬರುತ್ತಿರಲಿಲ್ಲ. ನೆರಳಿಗೆಂದು ಆಡುಗಳು ಬರುತ್ತಿದ್ದವು, ಆಡುಗಳನ್ನು ಹುಡುಕಿಕೊಂಡು ಒಮ್ಮೊಮ್ಮೆ ಜನ ಬರುತ್ತಿದ್ದರು.

ಜನ ದೂರ ಉಳಿಯಲು ಕಾರಣವಿತ್ತು. ಸಾಹೇಬರು ಬರುವ ಮುಂಚೆ ಕಲ್ಲು ತರುತ್ತಿದ್ದ ರೀತಿ ಬೇರೆ. ಪೊಲೀಸ್ ಪಾಟೀಲನ ಕೈಲಿ ಹುಕುಂ, ಹಿಂದೆ ಬಂಡಿ, ಬಂಡಿಯಲ್ಲಿ ಹಗ್ಗ. ಕೆಲವು ಊರುಗಳಲ್ಲಿ ಹೀಗಾದ ಮೇಲೆ ಉಳಿದ ಊರುಗಳ ಕಲ್ಲುಗಳು ಮಾಯವಾಗತೊಡಗಿದವು. ಬಣವೆಯ ಒಳಗೆ, ತಿಪ್ಪೆಯ ಕೆಳಗೆ, ಹಾಳುಬಾವಿಯ ಕೆಸರಿನಲ್ಲಿ. ಕೇಳಿದರೆ, "ಕಲ್ಲೇನ್ರಿ? ನಮ್ಮೂರಾಗ ಕಲ್ಲ ಇಲ್ಲ ನೋಡ್ರಿ" ಎನ್ನುತ್ತಿದ್ದರು, ಕಲ್ಲಿನ ಕಟ್ಟೆಯ ಮೇಲೆ ಕುಳಿತುಕೊಂಡೇ.

ನನ್ನನ್ನು ಅವರು ಮೊದಲು ಕರೆದುಕೊಂಡು ಹೋದದ್ದು ಕವಿತಾಳದ ಸಂತೆಗೆ. ಒಂದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಇಡೀ ದಿನ ಎತ್ತುಗಳ ಬಗ್ಗೆ, ಹತ್ತಿಯ ಬಗ್ಗೆ, ಯಾರದೋ ಮಗಳ ಮದುವೆಯ ಬಗ್ಗೆ ಮಾತಾಡಿದರು. ಕಲ್ಲಿನ ಸುದ್ದಿ ಎತ್ತಲಿಲ್ಲ. ಮುಂದಿನ ಸಂತೆಗೂ ಹೋದೆವು, ಅದೇ ಬೆಂಚು, ಅದೇ ಎತ್ತು. ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ.

"ಕಲ್ಲಿನ ಮಾತು ಯಾವಾಗ ತೆಗೀತೀರಿ ಸಾಹೇಬ್ರ?"

"ಹೆಣ್ಣು ಕೇಳಾಕ ಬಂದವ್ರು ಬಾಗಲಾಗ ನಿಂತು ಹೆಣ್ಣು ಕೊಡ್ರಿ ಅಂತಾರೇನು? ಮೊದಲ ಮನಿತನ ವಿಚಾರಸ್ತಾರ. ಆಮ್ಯಾಲ ಅವರ ಕರೀತಾರ."

ಕರೆದರು. ಮುಂದೊಂದು ಸಂತೆಯಲ್ಲಿ ಬಿಳಿ ಮೀಸೆಯ ರೈತನೊಬ್ಬ ಎದುರಿಗೆ ಬಂದು ನಿಂತ. "ಸಾಬ್ರ, ನೀವು ಎತ್ತು ಕೊಳ್ಳಾವರಲ್ಲ ಅಂತ ಊರಿಗೆಲ್ಲಾ ಗೊತ್ತದ. ಬರ್ರಿ, ತೋರಸ್ತೀನಿ. ಆದ್ರ ಒಯ್ಯಾಕ ಕೊಡಂಗಿಲ್ಲ ಮತ್ತ." ಬಣವೆಯ ಮೇವು ಸರಿಸಿ ತೋರಿಸಿದ. ಸಾಹೇಬರು ಆ ಕಲ್ಲನ್ನು ಬಹಳ ಹೊತ್ತು ನೋಡಿ, ಕೈ ಮುಗಿದವನಿಗೆ ತಾವೂ ಕೈ ಮುಗಿದು ಬಂದರು. ಆ ಕಲ್ಲು ಕೊನೆಗೂ ರಾಯಚೂರಿಗೆ ಬರಲಿಲ್ಲ. ಆ ರೈತ ಬಂದ. ಹತ್ತಿ ಮಾರಿ, ನಮ್ಮ ಕೋಣೆಗಳನ್ನೆಲ್ಲ ಸುತ್ತಿ, "ನಮ್ಮದರಷ್ಟು ಚಂದ ಇಲ್ಲಿ ಒಂದೂ ಇಲ್ಲ ಬಿಡ್ರಿ" ಎಂದು ಸಮಾಧಾನದಿಂದ ಹೋದ. ಅಂದು ಸಾಹೇಬರು ಮನೆಯಿಂದ ಸಿಹಿ ತರಿಸಿ ನನಗೆ ಕೊಟ್ಟರು. ನನಗೆ ಆಗ ಅದರ ಅರ್ಥ ಆಗಿರಲಿಲ್ಲ ಎಂದುಕೊಳ್ಳುತ್ತೇನೆ.

ಇನ್ನು ದವಾಖಾನಿ ಎಂಬ ಪದದ ವಿಷಯ. ನಮ್ಮ ಸಂಗ್ರಹಾಲಯಕ್ಕೆ ಸರ್ಕಾರಿ ಭಾಷೆಯಲ್ಲಿ ಅಜಾಯಬಖಾನಾ ಎಂದು ಹೆಸರು. ಅಚ್ಚರಿಯ ವಸ್ತುಗಳನ್ನು ಇಟ್ಟ ಮನೆ ಎಂದು ಅರ್ಥ. ಹಳ್ಳಿಗಳಲ್ಲಿ ‘ಅಜಾಯಬ’ ಯಾರ ನಾಲಿಗೆಗೂ ಹತ್ತಲಿಲ್ಲ, ‘ಖಾನಾ’ ಮಾತ್ರ ಹತ್ತಿತು. ಸರ್ಕಾರ ನಡೆಸುವ ಖಾನಾಗಳು ಅವರಿಗೆ ಗೊತ್ತಿದ್ದವು ಎರಡೇ. ಜೇಲಖಾನಾ, ದವಾಖಾನಾ.

ದೇವದುರ್ಗದಿಂದ ಆಚೆ, ಕೃಷ್ಣೆಯ ದಂಡೆಯ ಸಮೀಪ ಒಂದು ಊರು. ಅಲ್ಲಿಗೆ ಹೋದ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: ‘ದೇವದುರ್ಗ ತಾಲೂಕು. ಬಿಸಿಲು. ಬಲಗಡೆಯ ಎತ್ತು ಕುಂಟುತ್ತದೆ.’ ಆಡಿದ ಮಾತುಗಳೆಲ್ಲ ನೆನಪಿನಿಂದ ಬಂದವು. ನೆನಪು ಎಲ್ಲರ ಮಾತನ್ನೂ ಸ್ವಲ್ಪ ಚಂದ ಮಾಡುತ್ತದೆ ಎಂಬುದು ನನಗೆ ಗೊತ್ತು. ಆದರೆ ಆ ಊರಿನ ಹನುಮವ್ವನ ಮಾತನ್ನು ಚಂದ ಮಾಡುವಷ್ಟು ನಾನು ಜಾಣನಲ್ಲ.

ಆ ಊರಿನ ಗುಡಿಯ ಹೊರಗೆ, ಕೇರಿಗೆ ಹೋಗುವ ದಾರಿಯ ಮಗ್ಗುಲಲ್ಲಿ, ಎದೆಯುದ್ದದ ಒಂದು ವಿಗ್ರಹ ಬಿದ್ದಿತ್ತು. ಸೊಂಟದ ಮೇಲೆ ಮಗುವನ್ನು ಎತ್ತಿಕೊಂಡ ಹೆಂಗಸು. ಆಕೆಯ ಒಂದು ಕೈ ಮಣಿಕಟ್ಟಿನಿಂದ ಮುರಿದಿತ್ತು, ಮಗುವಿನ ತಲೆ ಇರಲಿಲ್ಲ. ಜನ ‘ಕೂಸಿನವ್ವ’ ಎನ್ನುತ್ತಿದ್ದರು. ಗುಡಿಯನ್ನು ರಿಪೇರಿ ಮಾಡಿಸುತ್ತಿದ್ದ ಗೌಡರು, ಭಿನ್ನವಾದ ಮೂರ್ತಿ ಬಾಗಿಲೆದುರು ಇರಬಾರದೆಂದು ಅದನ್ನು ಹೊಳೆಗೆ ಬಿಡಲು ನಿಶ್ಚಯಿಸಿದ್ದರು. ಸುದ್ದಿ ತಿಳಿದು ನಾವು ಬಂಡಿ ಹೊಡೆಸಿಕೊಂಡು ಹೋದೆವು.

ಗೌಡರು ಸಂತೋಷದಿಂದ ಒಪ್ಪಿದರು. "ಹೊಳಿಗೆ ಹಾಕೂದು ನಿಮ್ಮ ಬಂಡಿಗೆ ಹಾಕಿದ್ರಾತು. ತಗೊಂಡ್ ಹೋಗ್ರಿ."

ನಾನು ಹಗ್ಗ ಬಿಚ್ಚಿದೆ. ಸಾಹೇಬರು ಬಗ್ಗಿ ಕಲ್ಲಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿದರು. ಕುಸುಬೆ ಎಣ್ಣೆ. "ಗೌಡ್ರು ಕೊಟ್ರು, ಖರೆ. ಆದ್ರ ಈಕಿಗೆ ಎಣ್ಣಿ ಹಚ್ಚಿದವ್ರು ಯಾರು? ಅವರನ್ನ ಕೇಳಬೇಕಲ್ಲ" ಎಂದು ಕೇರಿಯ ಕಡೆ ನಡೆದರು.

ಹನುಮವ್ವ ಆಗಲೇ ಮುದುಕಿ, ಕೂಲಿ ಮಾಡಿ ಬಾಳಿದವಳು. ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಾವು ಬಂದ ವಿಷಯ ಕೇಳಿಯೂ ಮೊರ ನಿಲ್ಲಿಸಲಿಲ್ಲ.

"ಯಾವ ಖಾನಾ ಅಂದ್ರಿ?"

"ಅಜಾಯಬಖಾನಾ ಯವ್ವಾ. ರಾಯಚೂರು ಕ್ವಾಟಿಯೊಳಗ."

"ಜೇಲಖಾನೇನು? ಆಕಿ ಏನ್ ತಪ್ಪು ಮಾಡ್ಯಾಳ?"

"ಜೇಲಲ್ಲ ಯವ್ವಾ."

"ಹಂಗಾರ ದವಾಖಾನಿ."

ತಿದ್ದಲು ನಾನು ಬಾಯಿ ತೆರೆದೆ. ಸಾಹೇಬರು ನನ್ನ ಕಡೆ ನೋಡದೆಯೇ ಕೈ ಅಡ್ಡ ಹಿಡಿದರು. ತುಸು ಯೋಚಿಸಿ, "ಹೂಂ. ಹಂಗ ತಿಳಕೊ" ಎಂದರು.

"ಮುರದ ಕೈ ಕೂಡಸ್ತಾರೇನು ಅಲ್ಲಿ?"

"ಕೂಡಸಾಕ ನಮಗ ಬರಂಗಿಲ್ಲ. ಇದ್ದದ್ದು ಇನ್ನಷ್ಟು ಮುರೀದಂಗ ನೋಡ್ಕೊಂತೀವಿ."

"ನೋಡಾಕ ಬಂದ್ರ ಬಿಡ್ತೀರಿ?"

"ಬಿಡ್ತೀವಿ."

"ವಾಪಸ್ ಕೊಡ್ರಿ ಅಂದ್ರ?"

"ನೀ ಬಂದು ಕೇಳಿದ ದಿನ ಕೊಡ್ತೀನಿ ಯವ್ವಾ. ಇದು ನನ್ನ ಮಾತು."

ಹಾಗೆ ಮಾತು ಕೊಡುವ ಅಧಿಕಾರ ಅವರಿಗಿರಲಿಲ್ಲ. ಒಮ್ಮೆ ಒಳಗೆ ಬಂದ ಕಲ್ಲು ಸರ್ಕಾರದ್ದು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹನುಮವ್ವ ಆಗ ಮೊರ ಕೆಳಗಿಟ್ಟಳು.

"ಒಂದು ಹೇಳ್ತೀನಿ ಸಾಬ್ರ. ಪೂರಾ ಗುಣ ಮಾಡಬ್ಯಾಡ್ರಿ."

"ಯಾಕ?"

"ಗುಡಿಯಾಗಿನ ದೇವರನ್ನ ನಾ ಹುಟ್ಟಿದಾಗಿಂದ ನೋಡಿಲ್ಲ. ನಮ್ಮನ್ನ ಒಳಗ ಬಿಡಂಗಿಲ್ಲ. ಈಕಿ ಮುರದು ಹೊರಗ ಬಿದ್ಲು, ಅದಕ್ಕ ನಮಗ ಸಿಕ್ಕಳು. ಪೂರಾ ಗುಣ ಆದ್ರ ಮತ್ತ ಒಳಗ ಒಯ್ತಾರ."

ವಾಪಸು ಬರುವಾಗ ಬಂಡಿ ದೇವದುರ್ಗ ದಾಟಿತು. ಆಮೇಲೆ ನಾನೇ ಕೆಣಕಿದೆ. ಅಜ್ಜಿಗೆ ಸುಳ್ಳು ಹೇಳಿದಿರಿ, ಜನರಿಗೆ ತಿಳಿವಳಿಕೆ ಕೊಡಬೇಕಾದವರು ನಾವು ಎಂದು ಏನೇನೋ ಅಂದೆ. ಓದಿ ಬಂದ ಹೊಸದು.

"ಏನ್ ಸುಳ್ಳು ಹೇಳ್ದೆ? ಮುರದದ್ದು ತಂದು ಮಲಗಸ್ತೀವಿ. ಮೈ ವರಸ್ತೀವಿ. ತಲಿ ಕಡಿ ಒಂದು ಚೀಟಿ ಬರದು ಹಚ್ತೀವಿ, ಅದು ಯಾರಿಗೂ ಓದಾಕ ಬರಂಗಿಲ್ಲ. ದವಾಖಾನ್ಯಾಗ ಇದಕ್ಕಿಂತ ಹೆಚ್ಚಿಗಿ ಏನ್ ಮಾಡ್ತಾರ ಹೇಳು."

ಚೀಟಿಯ ಮಾತು ನನಗೆ ನಾಟಿತು. ಅದು ನಾಟಲೆಂದೇ ಹೇಳಿದ್ದು.

ತೊಗರಿ ರಾಶಿಯೆಲ್ಲ ಮುಗಿದ ಮೇಲೆ ಹನುಮವ್ವ ಬಂದಳು. ಜೊತೆಗೆ ನಾಲ್ಕಾರು ಹೆಂಗಸರು. ಕಂಕುಳಲ್ಲಿ ಬುತ್ತಿ, ಬುತ್ತಿಯಲ್ಲಿ ರೊಟ್ಟಿ, ಪುಂಡಿಪಲ್ಯ. ಆಸ್ಪತ್ರೆಯಲ್ಲಿರುವವರನ್ನು ನೋಡಲು ಬರಿಗೈಲಿ ಹೋಗಬಾರದಲ್ಲ. ಕೂಸಿನವ್ವನ ಮುಂದೆ ಕುಳಿತು, "ಹ್ಯಾಂಗದೀ ಯವ್ವಾ? ಸೊರಗೀಯಲ್ಲ" ಎಂದು ಗಲ್ಲ ಸವರಿದಳು. ಕುಸುಬೆ ಎಣ್ಣೆಯ ಕುಡಿಕೆ ತೆಗೆದಳು. ನಮ್ಮ ನಿಯಮದಲ್ಲಿ ಕಲ್ಲಿಗೆ ಎಣ್ಣೆ ಸೋಕಿಸುವಂತಿರಲಿಲ್ಲ. ನಾನು ಗಾಬರಿಯಿಂದ ಸಾಹೇಬರನ್ನು ನೋಡಿದೆ. ಅವರು ಕೆಮ್ಮಿ ಒಳಗೆ ಬಂದರು.

"ಯವ್ವಾ, ದವಾಖಾನ್ಯಾಗ ಹೊರಗಿನ ಔಷಧ ನಡ್ಯಂಗಿಲ್ಲ. ಡಾಕ್ಟರು ಬೈತಾರ."

ಎಲ್ಲ ಹೆಂಗಸರಿಗೂ ಅದು ಗೊತ್ತಿದ್ದ ನಿಯಮವೇ. "ಹೌದಲ್ಲ ಮತ್ತ" ಎಂದು ಹನುಮವ್ವ ಕುಡಿಕೆ ಮುಚ್ಚಿದಳು. ಸಾಹೇಬರು ಬೇವಿನ ಮರದ ಕೆಳಗೆ ಒಂದು ಗುಂಡುಕಲ್ಲು ಇಡಿಸಿ, ಎಣ್ಣೆ ಹಾಕುವವರು ಅಲ್ಲಿ ಹಾಕಲಿ ಎಂದರು. ನಾನು ಒಂದು ಫಲಕ ಬರೆದು ನೇತುಹಾಕಿದ್ದರೂ ಆಗದಿದ್ದ ಕೆಲಸ ಹೀಗೆ ಆಯಿತು.

ಆಮೇಲೆ ಜನ ಬರತೊಡಗಿದರು. ಹೇಗೆ ಶುರುವಾಯಿತು, ಯಾವ ಊರಿನವರು ಮೊದಲು ಬಂದರು ಎಂದು ಕ್ರಮವಾಗಿ ಹೇಳಲಾರೆ. ನೀರಮಾನ್ವಿಯ ಕಡೆಯವರು ತಮ್ಮ ವೀರಗಲ್ಲನ್ನು ನೋಡಲು ಬಂದರು, "ನಮ್ಮ ಅಜ್ಜ" ಎಂದೇ ಕರೆದರು. ಪ್ಯಾಟೆಗೆ ಬಂದವರು ಬಂಡಿ ನಿಲ್ಲಿಸಿ, "ನಮ್ಮೂರವ್ರು ಯಾ ಕೋಣ್ಯಾಗದಾರ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿ ಕೇಳಿ ಸಾಹೇಬರು ನನ್ನ ಚೀಟಿಗಳನ್ನು ಒಂದು ಕಡೆ ಎತ್ತಿಡಿಸಿದರು. ಅಂಗಡಿಗಳ ಬೋರ್ಡು ಬರೆಯುವವನನ್ನು ಕರೆಸಿ, ದೊಡ್ಡ ಕನ್ನಡ ಅಕ್ಷರದಲ್ಲಿ ಊರಿನ ಹೆಸರು, ಊರವರು ಆ ಕಲ್ಲನ್ನು ಕರೆಯುವ ಹೆಸರು, ಇವೆರಡನ್ನೇ ಬರೆಸಿದರು. ಕಾಲ, ಶೈಲಿ ಕೆಳಗೆ ಸಣ್ಣದಾಗಿ. ನಮ್ಮ ತಾಯಿ ಮಾನ್ವಿಯಿಂದ ಗ್ಯಾಸಿನ ಮೋಟಾರಿನಲ್ಲಿ ಬಂದವಳು ಕೋಣೆಗಳನ್ನೆಲ್ಲ ನೋಡಿ ನನ್ನನ್ನು ಕೇಳಿದಳು. "ಇದರಾಗ ನೀ ಬರದದ್ದು ಯಾವದು?" ಕೆಳಗಿನ ಸಣ್ಣದನ್ನು ತೋರಿಸಿದೆ. "ಇರಲಿ ಬಿಡು" ಎಂದಳು.

ಸಂತೆಯಲ್ಲಿ ಬಳೆ ಮಾರುವ ಮನೆಗಳ ಹೆಂಗಸರು ಗೋಷಾದವರು, ಗಂಡಸರಿರುವಾಗ ಬರುತ್ತಿರಲಿಲ್ಲ. ಅವರಿಗೆಂದು ವಾರಕ್ಕೊಂದು ಮಧ್ಯಾಹ್ನ ಗಂಡಸರನ್ನೆಲ್ಲ ಹೊರಗೆ ಕಳಿಸಿ, ಸಾಹೇಬರ ಬೇಗಂ ಬಾಗಿಲು ಕಾಯುತ್ತಿದ್ದರು. ಮೊದಲ ದಿನ ಆಕೆ ಪರದೆಯ ಹಿಂದಿನಿಂದ ಗಂಡನನ್ನು ದಖನಿಯಲ್ಲಿ ಚುಚ್ಚಿದ್ದು ನನಗೂ ಕೇಳಿಸಿತು. "ವೋ ಪತ್ಥರ್ ಕೇ ಪೈಲವಾನ್ ಕೂ ಭೀ ಬಾಹರ್ ಕರೋ ಜೀ, ವೋ ಭೀ ಮರದ್ ಹೈ." ಆ ಕಲ್ಲಿನ ಪೈಲ್ವಾನನೂ ಗಂಡಸೇ, ಅವನನ್ನೂ ಹೊರಗೆ ಹಾಕಿ ಎಂದು. ಸಾಹೇಬರು ಗಂಭೀರವಾಗಿ ಹೋಗಿ ಆ ವೀರಗಲ್ಲಿನ ವೀರನ ಮುಖಕ್ಕೆ ತಮ್ಮ ಕರವಸ್ತ್ರ ಮುಚ್ಚಿ ಬಂದರು.

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಕೇರಿಯ ಹೆಂಗಸರೂ ತಾವೂ ಒಂದೇ ಕೋಣೆಯಲ್ಲಿ ನಿಲ್ಲಬೇಕಾಯಿತೆಂದು ಊರಿನ ದೊಡ್ಡವರೊಬ್ಬರು ಮುನಿಸಿಕೊಂಡು ಬಂದರು. "ದವಾಖಾನ್ಯಾಗ ಮಗ್ಗಲಿನ ಹಾಸಿಗಿ ಯಾರದು ಅಂತ ಕೇಳ್ತಾರೇನ್ರಿ?" ಎಂದರು ಸಾಹೇಬರು. ಆ ದೊಡ್ಡವರು ಮತ್ತೆ ಬರಲಿಲ್ಲ. ಅದಕ್ಕೆ ಸಾಹೇಬರು ಬೇಸರಪಟ್ಟುಕೊಂಡರು. ಅವರಿಗೆ ಆ ದೊಡ್ಡವರೂ ಬೇಕಾಗಿದ್ದರು.

ಯುದ್ಧ ಮುಗಿಯುವ ಹೊತ್ತಿಗೆ ಹೈದರಾಬಾದಿನಿಂದ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಬಿತ್ತಿಗೆಯ ದಿನಗಳು, ಹಳ್ಳಿಯೆಲ್ಲ ಹೊಲದಲ್ಲಿ. ಕೋಣೆಗಳು ಖಾಲಿ. ಅಧಿಕಾರಿ ಕೂಸಿನವ್ವನ ಮುಂದೆ ನಿಂತವರು ಕದಲಲಿಲ್ಲ. ಕಲ್ಲು ಬಲ್ಲವರು. "ಇಂಥದ್ದನ್ನು ಇಲ್ಲಿ ಯಾರು ನೋಡುತ್ತಾರೆ?" ಎಂದರು. ಹಳ್ಳಿಯವರೆಲ್ಲ ಬಂದು ನೋಡುತ್ತಾರೆ ಎಂದರು ಸಾಹೇಬರು. ಖಾಲಿ ಕೋಣೆಯಲ್ಲಿ ಆ ಉತ್ತರ ನನಗೇ ಸುಳ್ಳಿನಂತೆ ಕೇಳಿಸಿತು. ಸುಗ್ಗಿಯ ಹೊತ್ತಿಗೆ ಹುಕುಂ ಬಂತು. ರಾಜಧಾನಿಯ ದೊಡ್ಡ ಸಂಗ್ರಹಾಲಯಕ್ಕೆ ಆ ವಿಗ್ರಹವನ್ನು ಸಾಗಿಸಬೇಕು, ಅಧಿಕಾರಿ ತಾವೇ ಬಂದು ಒಯ್ಯುತ್ತಾರೆ.

ಅದು ಗೌರವದ ಮಾತು ಎಂದು ನಾನು ಹೇಳಿದೆ. ಸಾಹೇಬರು ಅಂದು ಊಟ ಮಾಡಲಿಲ್ಲ. ಮರುದಿನ ಇಬ್ಬರೂ ಮತ್ತೆ ಆ ಹೊಳೆದಂಡೆಯ ಊರಿಗೆ ಹೋದೆವು. ಹನುಮವ್ವನ ಅಂಗಳದಲ್ಲಿ ನಿಂತು ಅವರು ಎಲ್ಲವನ್ನೂ ಮುಚ್ಚಿಡದೆ ಹೇಳಿದರು.

"ನಿನಗ ಮಾತು ಕೊಟ್ಟೀನಿ ಯವ್ವಾ. ವಾಪಸ್ ಕೇಳು, ನಾಳೆ ಬಂಡಿ ಮ್ಯಾಲ ತಂದು ಇಳಸ್ತೀನಿ. ಆಮ್ಯಾಲ ನನಗೇನಾಗ್ತದ ಆಗಲಿ."

ಪಿಂಚಣಿಗೆ ಅವರಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಕೇಳಿದ್ದರೆ ತಂದೇ ಬಿಡುತ್ತಿದ್ದರು, ಇದರಲ್ಲಿ ನನಗೆ ಅನುಮಾನವಿಲ್ಲ.

"ತಂದು ಎಲ್ಲಿ ಇಳಸ್ತೀರಿ?" ಎಂದಳು ಹನುಮವ್ವ. "ಗೌಡ್ರ ಹೊಳಿ ಇನ್ನ ಹರಿಯಾಕತ್ತೇದ." ದನಿ ತಗ್ಗಿಸಿ ಕೇಳಿದಳು. "ಹೈದರಾಬಾದಿನ ದೊಡ್ಡ ದವಾಖಾನಿಗೆ ಕಳಸ್ತಾರಂದ್ರ, ಆಕಿಗೆ ಭಾಳ ಆಗೇದೇನು?"

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಹೇಳಾಕಾಗದಿದ್ರ ಬಿಡ್ರಿ. ಆದ್ರ ಒಬ್ಬಾಕಿನ್ನ ಕಳಸ್ತಾರೇನು? ಜೋಡಿ ಮನಿ ಮಂದಿ ಹೋಗಬೇಕಲ್ಲ. ಯಾವತ್ತು ಹೊಂಡೂದು ತಿಳಸ್ರಿ."

ವಾಪಸು ಬರುವಾಗ ಅವರೇ ಮಾತು ತೆಗೆದರು. "ಹಿಂದ ಬಂಡ್ಯಾಗ ನನ್ನ ಬೈದಿದ್ದಿ ತಮ್ಮಾ, ಸುಳ್ಳು ಹೇಳಿದ್ರಿ ಅಂತ. ಇವತ್ತ ಬೈ." ನನಗೆ ಬೈಯುವ ಮನಸ್ಸಿರಲಿಲ್ಲ. ಹನುಮವ್ವ ಅದನ್ನು ನಿಜವಾಗಿಯೂ ದವಾಖಾನೆ ಎಂದು ನಂಬಿದ್ದಳೋ, ಅವರು ಆಡಿದ ಮಾತನ್ನು ಮರ್ಯಾದೆಗೆ ನಡೆಸಿಕೊಂಡು ಬಂದಿದ್ದಳೋ ನನಗೆ ಈಗಲೂ ತಿಳಿಯದು. ಆಕೆಯನ್ನು ಕೇಳುವುದು ಸರಿಯಲ್ಲ ಎನಿಸುತ್ತದೆ.

ಹೊರಡುವ ದಿನ ಅಂಗಳ ತುಂಬಿತ್ತು. ದೇವದುರ್ಗದ ಕಡೆಯಿಂದ ಬಂಡಿಗಳು, ಮಾನ್ವಿಯ ಕಡೆಯವರು, ಬುರ್ಖಾ ತೊಟ್ಟ ಬಳೆಗಾರ ಹೆಂಗಸರು. ಯಾರೂ ಕೂಗಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಜೊತೆಗೆ ಹೋಗಿ ಇದ್ದು ಬರಲು ತಯಾರಾಗಿ ಬಂದಿದ್ದರು. ಕೌದಿಯ ಗಂಟು, ನೀರಿನ ತಂಬಿಗೆ, ಬಹಳ ದಿನ ಇಡಬಹುದಾದ ಖಡಕ್ ರೊಟ್ಟಿಯ ಕಟ್ಟು. ಅಧಿಕಾರಿ ಮೋಟಾರಿನಿಂದ ಇಳಿದು ಅವಾಕ್ಕಾಗಿ ಕೇಳಿದರು, ಇವರೆಲ್ಲ ಯಾರು?

"ರೋಗಿಯ ಕಡೆಯವರು, ಹುಜೂರ್" ಎಂದರು ಸಾಹೇಬರು ಉರ್ದುವಿನಲ್ಲಿ. ನಂತರ ಮೊದಲಿನಿಂದ ಎಲ್ಲ ಹೇಳಿದರು, ತಾವು ಕೊಟ್ಟ ಮಾತನ್ನೂ ಸೇರಿಸಿ. ಅಧಿಕಾರಿಗೆ ಸಿಟ್ಟು ಬಂತು. ಹಾಗೆ ಮಾತು ಕೊಡಲು ನಿಮಗೆ ಯಾರು ಅಧಿಕಾರ ಕೊಟ್ಟರು ಎಂದರು.

"ಯಾರೂ ಕೊಟ್ಟಿಲ್ಲ, ಹುಜೂರ್. ಮಾತು ಕೊಡದಿದ್ದರೆ ಇವರು ಬರುತ್ತಿರಲಿಲ್ಲ. ಇವರು ಬಾರದಿದ್ದರೆ ಅದು ಬರಿ ಕಲ್ಲು."

ಅಷ್ಟರಲ್ಲಿ ಹನುಮವ್ವ ನಡುವೆ ಬಂದು, "ದೊಡ್ಡ ಡಾಕ್ಟರು ದೂರದಿಂದ ಬಂದಾರ, ಮೊದಲ ಉಣ್ಲಿ" ಎಂದು ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯನ್ನು ಅಧಿಕಾರಿಯ ಕೈಯಲ್ಲಿಟ್ಟಳು. ಅವರು ಏನೂ ತೋಚದೆ ಮುರಿದು ಬಾಯಿಗೆ ಹಾಕಿಕೊಂಡರು. "ಅಲ್ಲಿ ಆಕಿನ್ನ ನೋಡಾಕ ಯಾರು ಬರ್ತಾರ್ರೀ ಯಪ್ಪಾ?" ಎಂದು ಆಕೆ ಕೇಳಿದಳು. ಸಾಹೇಬರು ಉರ್ದುವಿಗೆ ತಿರುಗಿಸಿದರು, ಒಂದು ಶಬ್ದವನ್ನೂ ತಮ್ಮ ಕಡೆಯಿಂದ ಸೇರಿಸದೆ. ಅಧಿಕಾರಿ ರೊಟ್ಟಿ ಅಗಿಯುತ್ತ ಅಂಗಳವನ್ನು ನೋಡಿದರು. ಖಾಲಿ ಕೋಣೆಗಳಲ್ಲಿ ತಾವೇ ಕೇಳಿದ್ದ ಪ್ರಶ್ನೆ ಅವರಿಗೆ ನೆನಪಾಗಿತ್ತೋ ಏನೋ. ಹುಕುಮಿನ ಮೇಲೆ ಉರ್ದುವಿನಲ್ಲಿ ಒಂದು ಸಾಲು ಬರೆದರು. ಚಿಕಿತ್ಸೆ ನಡೆದಿದೆ, ಸದ್ಯಕ್ಕೆ ಸಾಗಿಸುವಂತಿಲ್ಲ. ಅವರು ಬರೆದದ್ದು ಚಿಕಿತ್ಸೆ ಎನ್ನುವ ‘ಇಲಾಜ್’ ಎಂದೋ, ‘ದುರಸ್ತಿ’ ಎಂದೋ? ಕಣ್ಣಾರೆ ಓದಿದೆನೋ, ಸಾಹೇಬರು ಆಮೇಲೆ ನಗುತ್ತ ಹೇಳಿದ್ದನ್ನು ಓದಿದಂತೆ ಇಟ್ಟುಕೊಂಡಿದ್ದೇನೋ ಹೇಳಲಾರೆ. ಕೂಸಿನವ್ವ ಉಳಿದದ್ದಂತೂ ನಿಜ. ಈಗಲೂ ಆಕೆಯ ಮೈ ಒರೆಸುವವನು ನಾನೇ.

ನಾನು ಹೇಳಬೇಕೆಂದಿದ್ದದ್ದು ಇದಕ್ಕಿಂತ ಅದರ ಮುಂದಿನದು. ರೈಲಿನಲ್ಲಿ ಜಾಗ ಗೊತ್ತುಮಾಡಿ ಆಗಿತ್ತು, ಬರಿಗೈಲಿ ಹೋಗುವಂತಿರಲಿಲ್ಲ. ಅಧಿಕಾರಿ ಇನ್ನೊಂದು ವಿಗ್ರಹ ಆರಿಸಿದರು. ತಲೆಯಿಲ್ಲದ ಒಂದು ಕುಳಿತ ಮೂರ್ತಿ. ಯರಗೇರಾದ ಆಚೆ, ಪ್ಲೇಗಿನಲ್ಲಿ ಜನರೆಲ್ಲ ಬಿಟ್ಟುಹೋದ ಒಂದು ಹಾಳೂರಿನಲ್ಲಿ ಸಿಕ್ಕಿದ್ದು. ಅದನ್ನು ‘ನಮ್ಮೂರವ್ರು’ ಎನ್ನುವವರು ಯಾರೂ ಇರಲಿಲ್ಲ. ಬಂದ ಜನರೆಲ್ಲ ಸಂತೋಷದಿಂದ ಬಂಡಿ ಹೂಡಿಕೊಂಡು ಹೋದರು. ನಾನೂ ಖುಷಿಯಲ್ಲಿದ್ದೆ. ಸಾಹೇಬರು ಆ ಮೂರ್ತಿಯ ಪಕ್ಕ ಬೇವಿನ ನೆರಳಿಗೆ ಕುಳಿತಿದ್ದರು.

"ಇದಕ್ಕ ಯಾರೂ ಬರಲಿಲ್ಲ ನೋಡು ತಮ್ಮಾ."

ಅವರು ರಜೆ ಹಾಕಿದರು. ಬೇಗಂ ಕಟ್ಟಿಕೊಟ್ಟ ಬುತ್ತಿ, ಸುತ್ತಿದ ಹಾಸಿಗೆ ಹಿಡಿದುಕೊಂಡು, ಅದು ಹೋದ ದಿನವೇ ಪ್ಯಾಸೆಂಜರ್ ರೈಲಿನಲ್ಲಿ ಅದರ ಹಿಂದೆಯೇ ಹೋದರು. ತಿರುಗಿ ಬಂದಾಗ ಹೇಳಿದ್ದು ಇಷ್ಟೇ. "ಕಿಟಕಿ ಹತ್ರ ಕುಂದ್ರಿಸ್ಯಾರ. ಗಾಳಿ ಚಲೋ ಬರ್ತದ."

ನಿವೃತ್ತರಾಗುವಾಗ ಅವರು ನನಗೆ ಕೀಲಿಕೈಗಳನ್ನು ಮೇಜಿನ ಮೇಲಿಟ್ಟು ತೋರಿಸಿದರು ಅಷ್ಟೇ. ಒಪ್ಪಿಸಿದ್ದು ಊರುಗಳನ್ನು. ಒಂದೊಂದೇ ಊರಿಗೆ ಕರೆದುಕೊಂಡು ಹೋಗಿ, "ಇನ್ನ ಮ್ಯಾಲ ಈತ" ಎಂದು ಪರಿಚಯ ಮಾಡಿಸಿದರು. ಹನುಮವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಈತಗ ಮಾತ ಬರಂಗಿಲ್ಲಲ್ಲ ಸಾಬ್ರ" ಎಂದಳು. "ಕಲೀತಾನ" ಎಂದರು ಸಾಹೇಬರು.

ಅವರು ಮಗಳ ಮನೆಗೆ ಗುಲ್ಬರ್ಗಾಕ್ಕೆ ಹೋದರು. ಆಮೇಲೆ ಆ ಗಲಾಟೆಯ ವರ್ಷ ಬಂತು, ಸಂಸ್ಥಾನ ಹೋಗಿ ಸರ್ಕಾರ ಬದಲಾಯಿತು. ಯಾರು ಯಾರ ಬಾಗಿಲಿಗೆ ಹೋಗಲೂ ಅಂಜುತ್ತಿದ್ದ ಆ ದಿನಗಳಲ್ಲಿ ಹನುಮವ್ವ ಒಬ್ಬಳೇ ನಡೆದೂ ಬಂಡಿ ಹತ್ತಿಯೂ ಕೋಟೆಗೆ ಬಂದಿದ್ದಳು. ಕೂಸಿನವ್ವನ ಕಡೆ ನೋಡದೆ ಮೊದಲು ನನ್ನ ಹತ್ತಿರ ಬಂದು, "ಸಾಬ್ರು ಹುಷಾರದಾರಿಲ್ಲ?" ಎಂದು ಕೇಳಿದಳು. ಇದ್ದಾರೆ ಎಂದೆ. ಆಗ ಅದು ನಿಜವಾಗಿತ್ತು.

ಮೊನ್ನೆ ಸಾವಿನ ಸುದ್ದಿ ತಿಳಿದ ಮೇಲೆ ಆಕೆಗೆ ಹೇಳಬೇಕಾದವನು ನಾನೇ ಎನಿಸಿ ದೇವದುರ್ಗದ ಮೋಟಾರು ಹತ್ತಿದೆ. ಆಕೆಗೆ ಈಗ ಕಣ್ಣು ಮಂಜು. ದನಿಯಿಂದ ಗುರುತು ಹಿಡಿದಳು. ಹೇಳಿದ್ದನ್ನು ಕೇಳಿಕೊಂಡು ಬಹಳ ಹೊತ್ತು ಸೆರಗಿನ ತುದಿ ಹೊಸೆಯುತ್ತ ಕುಳಿತಳು.

"ಭಾಳ ದಿನ ಮಲಗಿದ್ರೇನು?"

"ಸ್ವಲ್ಪ ದಿನ ಅಂತ ಯವ್ವಾ."

"ನೋಡಾಕ ಮಂದಿ ಹೋಗಿದ್ರು?"

"ಮಗಳು, ಅಳಿಯ ಇದ್ರು."

"ನಮಗ ಗೊತ್ತಾಗಿದ್ರ ಹೋಗ್ತಿದ್ವಿ."

ನಾನು ಹೊರಡಲು ಎದ್ದಾಗ ಕೈ ಹಿಡಿದು ಕೂರಿಸಿದಳು.

"ಅವರು ನನಗ ಒಂದು ಮಾತು ಕೊಟ್ಟಿದ್ರು. ನೀ ಕೇಳಿದ ದಿನ ಆಕಿನ್ನ ವಾಪಸ್ ಕೊಡ್ತೀನಿ ಅಂತ. ಈಗ ಆ ಮಾತು ಯಾರ ಹತ್ರ ಅದ?"

ಮೇಲಿನ ಅಧಿಕಾರಿಗಳೆಲ್ಲ ಹೊಸಬರು. ಹಳೆಯ ಹುಕುಮುಗಳೇ ನಡೆಯುತ್ತವೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ಈ ದಿನಗಳಲ್ಲಿ ನನಗಿರುವ ಅಧಿಕಾರ ಅವರಿಗಿದ್ದದ್ದಕ್ಕಿಂತ ಕಡಿಮೆ. ಹಾಗೆಂದು ವಿವರಿಸಬಹುದಾಗಿತ್ತು. ಉತ್ತರ ಕೊಡುವ ಮುಂಚೆ ಇದನ್ನೆಲ್ಲ ಯೋಚಿಸಿದೆನೋ, ಈಗ ಬರೆಯುವಾಗ ಯೋಚಿಸುತ್ತಿದ್ದೇನೋ ಗೊತ್ತಿಲ್ಲ.

"ನನ್ನ ಹತ್ರ ಅದ ಯವ್ವಾ."

ಆಕೆ ನನ್ನ ಮುಖವನ್ನು ಎರಡೂ ಕೈಗಳಿಂದ ಮುಟ್ಟಿ ನೋಡಿದಳು, ಹಣೆ, ಕೆನ್ನೆ, ಗದ್ದ, ಆತುರವಿಲ್ಲದೆ.

"ಹಂಗಾರ ಆಕಿ ಅಲ್ಲೇ ಇರಲಿ" ಎಂದಳು. "ನೀ ಗಟ್ಟಿ ಇರು ಮತ್ತ."